ಹಾಡಿನ ಚಕ್ಕುಬಂದಿ

ನಗೋ ಸಂಗತಿ ಬೇಕು ಅಂತ ನಾನು ಯಾವತ್ತೂ ಹುಡುಕಿಕೊಂಡು ಹೋದವಳಲ್ಲ. ಅದು ತಾನಾಗೇ ನಮ್ಮ ಮನೆಗೆ ಬಂದು, ಕಾಲು ತೊಳೆದುಕೊಂಡು, ಪಡಸಾಲೆಯಲ್ಲಿ ಕಂಬಳಿ ಮೇಲೆ ಕೂತು, "ಒಂದು ಚೊಂಬು ಮಜ್ಜಿಗಿ ಕೊಡ್ರಿ" ಅನ್ನುತ್ತಿತ್ತು. ಅದು ಎದ್ದು ಹೋಗುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿತ್ತು. ಎಲ್ಲಾ ನಮ್ಮ ಯಜಮಾನರ ಕೆಲಸದ ದೆಸೆಯಿಂದ.

ಯಜಮಾನರು ರಾಯದುರ್ಗದ ರಿಜಿಸ್ಟ್ರಾರ್ ಕಚೇರಿ ಮುಂದೆ, ಬೇವಿನ ಮರದಡಿ ಕೂತು ದಸ್ತಾವೇಜು ಬರೆಯುತ್ತಿದ್ದರು. ಹೊಲದ ಕ್ರಯಪತ್ರ, ಮನೆಯ ಭೋಗ್ಯ, ಅಣ್ಣತಮ್ಮಂದಿರ ಪಾಲುಪಟ್ಟಿ, ಇಂಥವು. ಊರವರಿಗೆ ಅವರು ರೈಟರು, ನಾನು ರೈಟರಮ್ಮ. ಹೆಸರಿಗಷ್ಟೇ ರೈಟರಮ್ಮ; ನನಗೆ ಒಂದಕ್ಷರ ಬಾರದು. ಇದನ್ನೂ ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಬರೆದುಕೊಳ್ಳುತ್ತಿದ್ದಾಳೆ. ಆದರೆ ಯಜಮಾನರಿಗೆ ಓದಲು ಬರುತ್ತಿತ್ತೇ ಹೊರತು, ಓದಿದ್ದನ್ನು ಎದುರಿನವರಿಗೆ ತಿಳಿಯುವ ಹಾಗೆ ಹೇಳಲು ಬರುತ್ತಿರಲಿಲ್ಲ. ಅವರು ಓದುವುದು, ನಾನು ಬಿಡಿಸಿ ಹೇಳುವುದು. ಸಂಸಾರ ಹಾಗೇ ನಡೆದಿತ್ತು.

ಆಗ ಬಿಳಿಯರ ಕಾಲ. ರಾಯದುರ್ಗ ಬಳ್ಳಾರಿ ಜಿಲ್ಲೆಗೆ, ನನ್ನ ತವರು ಮಡಕಶಿರಾ ಅನಂತಪುರ ಜಿಲ್ಲೆಗೆ, ಎರಡೂ ಮದ್ರಾಸಿಗೆ. ಆ ಮದ್ರಾಸಿನಿಂದ ಒಂದು ಗ್ರಾಮಫೋನ್ ಕಂಪನಿಯ ಏಜೆಂಟರು ರೈಲಿಳಿದು ಬಂದು ನಮ್ಮೂರ ಛತ್ರದಲ್ಲಿ ಬಿಡಾರ ಮಾಡಿದರು. ಸಂತೆ, ಭಜನೆ, ನಾಟಕ, ಮದುವೆಮನೆ ಅಂತ ತಿರುಗಿ ಚೆನ್ನಾಗಿ ಹಾಡುವವರನ್ನು ಆರಿಸುವುದು, ಅವರ ಕೈಗೆ ಒಂದು ಅಚ್ಚಿನ ಕಾಗದ ಕೊಡುವುದು, ಸಹಿ ಹಾಕಿದವರನ್ನು ಮದ್ರಾಸಿಗೆ ಕರೆಸಿ ಅವರ ಹಾಡನ್ನು ಪ್ಲೇಟು ಮಾಡಿಸುವುದು, ಇದು ಅವರ ಉದ್ಯೋಗ. ಕೋಟು, ಪಂಚೆ, ಕಂಕುಳಲ್ಲಿ ಕೊಡೆ. ನಮ್ಮ ಬಿಸಿಲಿಗೆ ಬೆಣ್ಣೆ ಹಾಗೆ ಕರಗುತ್ತಿದ್ದರು ಪಾಪ. ಕೆಟ್ಟವರಲ್ಲ. ಮೇಲಿನವರು ಹೇಳಿದ್ದನ್ನು ಮಾಡುವವರು, ಅಷ್ಟೆ.

ಆ ಕಾಗದ ಅರ್ಧ ಇಂಗ್ಲಿಷು, ಅರ್ಧ ತೆಲುಗು. ತೆಲುಗು ನಮಗೆಲ್ಲ ಬರುತ್ತಿತ್ತು. ಆದರೆ ಅದು ಸಂತೆಯಲ್ಲಿ ಬದನೇಕಾಯಿ ಕೊಳ್ಳುವ ತೆಲುಗಲ್ಲ, ಕೋರ್ಟಿನ ತೆಲುಗು. ಹಾಗಾಗಿ ಕಾಗದ ಸಿಕ್ಕವರೆಲ್ಲ ನೆಟ್ಟಗೆ ನಮ್ಮ ಮನೆಗೆ ಬಂದರು.

ಮೊದಲು ಬಂದವನು ಗುಮ್ಮಘಟ್ಟದ ಕಡೆ ಕುರಿ ಕಾಯುವವನು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಂಚಿನಂಥ ಕಂಠ. ನಾವೆಲ್ಲ ಅವನನ್ನು ಹಾಡಣ್ಣ ಅನ್ನುತ್ತಿದ್ದೆವು. ತಪ್ಪಿಸಿಕೊಂಡ ಮರಿಯೊಂದನ್ನು ಗುಡ್ಡಗಳನ್ನೆಲ್ಲ ಕೇಳುತ್ತ ಹುಡುಕಿಕೊಂಡು ಹೋಗುವ ಹಾಡು ಒಂದನ್ನು ತಾನೇ ಕಟ್ಟಿದ್ದ. ಏಜೆಂಟರು ಅದನ್ನು ಸಂತೆಯಲ್ಲಿ ಕೇಳಿ ಮರುಳಾಗಿ, ಒಂದು ಕಾಗದ ಕೊಟ್ಟು ಹೋಗಿದ್ದರು.

ಯಜಮಾನರು ಓದಿದರು. ಒಂದೇ ಸಲ ಇಷ್ಟು ರೂಪಾಯಿ ಅಂತ ಕೊಟ್ಟುಬಿಟ್ಟರೆ ಹಾಡು ಕಂಪನಿಗೆ ಖಾಯಂ. ಆಮೇಲೆ ಅವನು ಆ ಹಾಡನ್ನು ಎಲ್ಲಿಯೂ, ಯಾರ ಮುಂದೆಯೂ ಹಾಡಕೂಡದು.

ಹಾಡಣ್ಣ ಕೇಳಿದ: "ಅಕ್ಕಾರ, ಯಾರ ಮುಂದೂ ಅಂದ್ರ ಕುರಿ ಮುಂದೂ ಹಾಡಬಾರದೇನ್ರಿ?"

ಯಜಮಾನರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. "ಮನುಷ್ಯಾರ ಮುಂದ ಅಂತ ಬರದಿಲ್ಲ. ಯಾರ ಮುಂದೂ ಅಂತ ಬರದಾರ."

"ಹಂಗಾದ್ರ ಕೆಟ್ಟೆ. ಸಂಜಿಗೆ ಆ ಹಾಡು ಹಾಡಿದ್ರನ ಅವು ಗುಡ್ಡ ಇಳಿದು ಹಟ್ಟಿಗೆ ಬರೋದು."

"ಹಂಗಾರ ಹೆಬ್ಬಟ್ಟು ಒತ್ತಬ್ಯಾಡ, ಬಿಡು" ಅಂದೆ.

"ಪ್ಲೇಟು ಬೇಕಲ್ರಿ ಅಕ್ಕಾರ! ನಾ ಸತ್ತ ಮ್ಯಾಲೂ ಹಾಡತಿರತೀನಂತ."

ಅವನಿಗೆ ಪ್ಲೇಟೂ ಬೇಕು, ಹಾಡೂ ಬೇಕು. ಏಜೆಂಟರು ಐದನೆಯ ದಿನ ವಾಪಸು ರೈಲು ಹತ್ತುವವರಿದ್ದರು. ಅಷ್ಟರೊಳಗೆ ಇದು ಬಗೆಹರಿಯಬೇಕು. ಹಾಡಣ್ಣ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ನಮ್ಮ ಪಡಸಾಲೆಯ ಮೂಲೆ ಹಿಡಿದು ಕೂತ. ಆ ಐದು ದಿನ ಅಲ್ಲಿ ನಡೆದದ್ದೇ ಈಗ ಹೇಳುವುದು.

ಮಾಸ್ತರರ ಸಹಿ

ಅವತ್ತು ಮಧ್ಯಾಹ್ನವೇ ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರರು ಬಂದರು. ಅವರು ಆಗತಾನೇ ಇಂಗ್ಲಿಷಿನಲ್ಲಿ ಸಹಿ ಮಾಡುವುದನ್ನು ಕಲಿತಿದ್ದರು. ಮೊದಲ ಅಕ್ಷರಕ್ಕೆ ಒಂದು ಕೊಂಬು, ಕೊನೆಯ ಅಕ್ಷರಕ್ಕೆ ಒಂದು ಬಾಲ, ಬಾಲದ ಕೆಳಗೆ ಎರಡು ಗೀಟು, ಗೀಟಿನ ಕೆಳಗೆ ಎರಡು ಚುಕ್ಕೆ. ಕಲಿತ ಮೇಲೆ ಎಲ್ಲಾದರೂ ಹಾಕಬೇಕಲ್ಲ? ಊರಲ್ಲಿ ಯಾರೂ ಅವರನ್ನು ಸಹಿ ಕೇಳುತ್ತಿರಲಿಲ್ಲ. ಏಜೆಂಟರು ಕಾಗದ ಕೊಟ್ಟು, "ಓದಿ, ಸಹಿ ಹಾಕಿ ತನ್ನಿ" ಅಂದದ್ದೇ ತಡ, ಓದುವ ಭಾಗ ಬಿಟ್ಟು ಉಳಿದದ್ದನ್ನು ಪೂರೈಸಿದ್ದರು.

"ಓದೂದೇನು ಬ್ಯಾಡ್ರಿ ರೈಟರ. ಸಹಿ ಹೆಂಗ ಬಂದಾವ ನೋಡ್ರಿ ಸಾಕು."

ಯಜಮಾನರು ನೋಡಿದರು. ಕಾಗದ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, "ಮಾಸ್ತರ, ಹಾಡು ಮಾರಿದವರು ಯಾರು?"

"ನಾನು."

"ಕೊಂಡವರು?"

"ಕಂಪನಿಯವರು."

"ಕೊಂಡವರ ಜಾಗದಾಗ ನಿಮ್ಮ ಸಹಿ ಐತಿ."

"ಖಾಲಿ ಇತ್ತಲ್ರಿ!"

"ಸಾಕ್ಷಿ ಜಾಗದಾಗೂ ಐತಿ."

"ಅದೂ ಖಾಲಿ ಇತ್ತು."

ನಾನು ಜೋಳ ಕೇರುವುದನ್ನು ನಿಲ್ಲಿಸಿ ಹೊರಗೆ ಬಂದೆ. "ಮಾಸ್ತರ, ನಿಮ್ಮ ಹಾಡು ನೀವ ಮಾರೀರಿ, ನೀವ ಕೊಂಡೀರಿ, ನೋಡಿದವರೂ ನೀವ. ಈಗ ರೂಪಾಯಿ ಯಾರು ಯಾರಿಗೆ ಕೊಡಬೇಕು?"

ಮಾಸ್ತರರು ನಿಜವಾಗಿಯೂ ಯೋಚನೆ ಮಾಡಿದರು. ಬಲಗೈ ನೋಡಿಕೊಂಡರು, ಎಡಗೈ ನೋಡಿಕೊಂಡರು. "ಇದ್ರಾಗ ನನಗೇನೋ ನಷ್ಟ ಆದಂಗ ಕಾಣತೈತಿ" ಅಂದರು.

ಸಂಜೆ ಏಜೆಂಟರು ಆ ಕಾಗದ ನೋಡಿ ಹಣೆ ಹಣೆ ಬಡಿದುಕೊಂಡರು. ಅದು ಇನ್ನು ಯಾವ ಕೆಲಸಕ್ಕೂ ಬಾರದು, ಹಾಡು ಮಾಸ್ತರರ ಹತ್ತಿರವೇ ಉಳಿಯಿತು. ಹರಿದು ಹಾಕುತ್ತೇನೆ ಅಂದರೆ ಮಾಸ್ತರರು ಬಿಡಲಿಲ್ಲ. ಕಟ್ಟು ಹಾಕಿಸಿ ನಾಟಕದ ಬಣ್ಣದ ಕೋಣೆಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ತೋರಿಸಿ ಕೇಳುತ್ತಿದ್ದರಂತೆ: "ನನ್ನ ಹಾಡು ನಂದ ಅನ್ನೂದಕ್ಕ ನನ್ನ ಹತ್ರ ದಸ್ತಾವೇಜು ಐತಿ. ನಿನ್ನ ಹತ್ರ ಐತೇನು?"

ಉಸಿರು ಬಿಡದವನ ಪಾಲು

ಎರಡನೆಯ ದಿನ ಓಲಗದ ಮೇಳ ಬಂತು. ನಾಗಸ್ವರದ ಅಣ್ಣ, ಶ್ರುತಿ ಊದುವ ತಮ್ಮ, ಡೋಲಿನ ಭಾವ. ಈ ಅಣ್ಣ ಯಾವುದೋ ಜಮೀನ್ದಾರರ ಮನೆ ಮದುವೆಯಲ್ಲಿ ಊದಿ ಹೆಸರು ಮಾಡಿದ್ದವನು. ಹಾಗಾಗಿ ಏಜೆಂಟರು ಅವನಿಗೆ ಚೀಲದ ತಳದಿಂದ ಬೇರೆ ಕಾಗದ ತೆಗೆದು ಕೊಟ್ಟಿದ್ದರು. ಅದರಲ್ಲಿ ಹಾಡು ಖಾಯಂ ಮಾರುವುದಿಲ್ಲ. ಪ್ಲೇಟು ಮಾರಿದಷ್ಟೂ ಊದಿದವರಿಗೆ ಪಾಲು ಬರುತ್ತಲೇ ಇರುತ್ತದೆ. ಅದಕ್ಕೆ ರಾಯಲ್ಟಿ ಅನ್ನುತ್ತಾರೆ ಅಂತ ಯಜಮಾನರು ಹೇಳಿದರು. ಮೂಲೆಯಲ್ಲಿದ್ದ ಹಾಡಣ್ಣನ ಕಿವಿ ನೆಟ್ಟಗಾದದ್ದನ್ನು ನಾನು ನೋಡಿದೆ.

ಜಗಳ ಇದ್ದದ್ದು ಆ ಪಾಲನ್ನು ಮೂವರಲ್ಲಿ ಹಂಚುವುದು ಹೇಗೆ ಅಂತ.

"ರಾಗ ನುಡಿಸೋನು ನಾನು. ಎರಡು ಪಾಲು ನನಗ, ಉಳಿದದ್ದು ಅವರಿಬ್ಬರಿಗೆ" ಅಂದ ಅಣ್ಣ.

ತಮ್ಮ ಎದ್ದು ನಿಂತ. "ಅಕ್ಕಾರ, ನೀವ ನ್ಯಾಯ ಹೇಳ್ರಿ. ಅಣ್ಣ ಸ್ವಲ್ಪ ಊದತಾನ, ನಿಲ್ಲಸತಾನ. ಎಲಿ ಅಡಿಕಿ ಹಾಕತಾನ. ಭಾವ ಬಡೀತಾನ, ಬೆವರು ಒರಸ್ಕೊತಾನ. ನಾನು? ಶುರು ಮಾಡಿದ ಮ್ಯಾಲೆ ಮುಗಿಯೋತನಕ ಉಸಿರು ಬಿಡಂಗಿಲ್ಲ. ಮೂಗು ಕೆರೆದ್ರೂ ಕೆರಕೊಳ್ಳಂಗಿಲ್ಲ. ಯಾರ ಉಸಿರು ಜಾಸ್ತಿ ಖರ್ಚಾತು?"

"ಲೇ, ನೀ ಊದೋದು ಒಂದಾ ಸ್ವರ."

"ಒಂದ ಇರ್ಲಿ, ಬಿಡದಂಗ ಊದತೀನಿ! ನಾ ನಿಲ್ಲಿಸಿದ್ರ ನಿನ್ನ ರಾಗ ಎಲ್ಲಿ ನಿಲ್ಲತೈತಿ?"

ಅದೂ ಸರಿಯೇ. ಹೇಗಪ್ಪಾ ಬಗೆಹರಿಸುವುದು ಅಂತ ಯೋಚಿಸಿ ನಾನು, "ಒಬ್ಬೊಬ್ಬರ ಊದಿ ತೋರಸ್ರಿ. ಯಾರದು ಎಷ್ಟು ತೂಕ ಅಂತ ನೋಡೋಣ" ಅಂದೆ. ಇಷ್ಟು ವರ್ಷದಲ್ಲಿ ನಾನು ಆಡಿದ ಮಾತುಗಳಲ್ಲಿ ಅಷ್ಟು ದಂಡ ತೆರಿಸಿದ ಮಾತು ಇನ್ನೊಂದಿಲ್ಲ.

ಅಣ್ಣ ಒಂದು ಕೀರ್ತನೆ ಊದಿದ, ಚಂದ ಇತ್ತು. ಭಾವ ನಾಲ್ಕು ಪೆಟ್ಟು ಹಾಕಿದ, ಚಂದ ಇತ್ತು. ತಮ್ಮ ಶ್ರುತಿ ಬಾಯಿಗಿಟ್ಟ. ಪೀಂ ಅಂತ ಶುರುವಾದದ್ದು ಪೀಂ ಅಂತಲೇ ಇತ್ತು. ನಾನು ಅನ್ನಕ್ಕೆ ಇಟ್ಟು ಬಂದೆ, ಪೀಂ. ಅನ್ನ ಬಸಿದು ಬಂದೆ, ಪೀಂ. ಹಿತ್ತಲಲ್ಲಿ ಎಮ್ಮೆ ಗೂಟ ಕಿತ್ತುಕೊಂಡಿತು. ಎದುರು ಮನೆಯ ಮುದುಕ ಕಿವಿಗೆ ಟವಲು ಸುತ್ತಿಕೊಂಡು ಬಂದು ಅಂಗಳದಲ್ಲಿ ಕೈಮುಗಿದು ನಿಂತ. ಯಜಮಾನರು ಬರೆಯುತ್ತಿದ್ದ ಕ್ರಯಪತ್ರದಲ್ಲಿ ಒಂದೇ ಹೊಲವನ್ನು ಎರಡು ಸಲ ಮಾರಿಬಿಟ್ಟರು.

ಕೊನೆಗೆ ಅಣ್ಣನೇ ಕಿವಿ ಮುಚ್ಚಿಕೊಂಡು ಕೂಗಿದ: "ರೈಟರ, ಅವನಿಗೆ ಅರ್ಧ ಅಂತ ಬರೀರಿ! ಮುಂಚೆ ಬರೀರಿ, ಆಮ್ಯಾಲೆ ಜಗಳ ಆಡೋಣು!"

ಆ ಸೊಲ್ಲು ಯಾರದು

ಮೂರನೆಯ ದಿನ ಹಾಡಣ್ಣನಿಗೆ ಹೊಸ ಚಿಂತೆ ಹತ್ತಿತು. "ಅಕ್ಕಾರ, ನನಗೂ ಆ ರಾಯಲ್ಟಿ ಕಾಗದ ಕೇಳೋಣು ಅಂದ್ರಿ. ಆದ್ರ ಹಾಡು ಪೂರಾ ನಂದಲ್ಲ. ಮೊದಲನೇ ನುಡಿ ನಮ್ಮಪ್ಪ ಹಾಡತಿದ್ದ. ನಂದು ಅಂತ ಹೆಂಗ ಹೆಬ್ಬಟ್ಟು ಒತ್ತಲಿ? ದೇವರು ಮೆಚ್ಚತಾನೇನು?"

ಅವನ ಸಮಾಧಾನಕ್ಕೆ ನಾನು ನನ್ನ ತವರಿನ ಸಂಗತಿ ಹೇಳಿದೆ. ಅದಕ್ಕೆ ಹಿಂದಿನ ತಿಂಗಳು ನಾನು ಮಡಕಶಿರಾಕ್ಕೆ ಹೋಗಿದ್ದಾಗ ಇದೇ ಏಜೆಂಟರು ಅಲ್ಲಿಗೂ ಬಂದಿದ್ದರು. ನಮ್ಮ ಬೀದಿಯ ಹೆಂಗಸರು ಬೀಸುವಾಗ ಹೇಳುವ ಒಂದು ಪದ ಅವರಿಗೆ ಹಿಡಿಸಿತು. ಬೇವಿನ ಕಟ್ಟೆ ಮೇಲೆ ಕೂತು, ಕಾಗದ ಬಿಡಿಸಿ, "ಈ ಪದ ಕಟ್ಟಿದವರು ಯಾರಮ್ಮಾ? ಅವರು ಹೆಬ್ಬೆಟ್ಟು ಒತ್ತಬೇಕು" ಅಂದರು.

ಹದಿನಾಲ್ಕು ಜನ ಮುಂದೆ ಬಂದರು.

"ಮೊದಲ್ನೇ ಸೊಲ್ಲು ನಂದು, ಬರ್ಕಳಪ್ಪ."

"ಅದ್ಯಾವಾಗ ನಿಂದಾಯ್ತೆ? ನಮ್ಮವ್ವ ಬೀಸ್ವಾಗ ಹೇಳ್ತಿರ್ಲಿಲ್ವಾ?"

"ನಿಮ್ಮವ್ವಂದು ಧಾಟಿ. ಮಾತು ನಂದು."

"ಮಲ್ಲಿಗೆ ಹೂವಿನ ಸೊಲ್ಲು ನಂದು ಕಣಪ್ಪ. ನನ್ನ ಗಂಡ ಹೂವ ತಂದ ದಿವ್ಸ ಕಟ್ಟಿದ್ದು."

"ತಂದಿದ್ದು ಒಂದೇ ದಿವ್ಸ. ಅದನ್ನೂ ಪದ ಮಾಡ್ಕಂಡವ್ಳೆ!"

ಏಜೆಂಟರು ತಾಳ್ಮೆಯಿಂದ ಸೊಲ್ಲು ಸೊಲ್ಲಿಗೂ ಒಬ್ಬೊಬ್ಬರ ಹೆಸರು ಬರೆದುಕೊಂಡರು. ಒಬ್ಬಳು ಪದದ ನಡುವೆ ಬರುವ 'ಹೂಂ' ಅನ್ನುವ ಉಸಿರು ನನ್ನದು ಅಂದಳು, ಅದನ್ನೂ ಬರೆದುಕೊಂಡರು. ಹೀಗೆ ಬಂದು ಬಂದು ಒಂದು ಸೊಲ್ಲಿಗೆ ನಿಂತಿತು. ಅತ್ತೆಯ ಬಾಯಿಗೆ ಹಾಕಲು ಯಾವ ಊರಿನ ಬೀಗ ತರಲಿ ಅಂತ ಸೊಸೆ ಕೇಳುವ ಸೊಲ್ಲು ಅದು.

"ಇದು ಯಾರದಮ್ಮಾ?"

ಎದುರಿನ ಜಗಲಿಯ ಮೇಲೆ ಬೀದಿಯ ಅತ್ತೆಯರೆಲ್ಲ ಸಾಲಾಗಿ ಕೂತಿದ್ದರು. ಹದಿನಾಲ್ಕು ಸೊಸೆಯರೂ ತಮ್ಮ ತಮ್ಮ ಕಾಲುಂಗುರ ನೋಡುತ್ತ ನಿಂತರು.

"ಯಾರದೂ ಅಲ್ಲದಿದ್ದರೆ ಅದನ್ನು ಬಿಟ್ಟು ಹಾಡೋಣವೇ?"

"ಬಿಡಬ್ಯಾಡಿ!" ಅಂತ ಹದಿನಾಲ್ಕೂ ಗಂಟಲು ಒಟ್ಟಿಗೆ ಕೂಗಿದವು. ಆದರೆ ಯಾರೂ ತಲೆ ಎತ್ತಲಿಲ್ಲ.

ಆಗ ಜಗಲಿಯ ಮೇಲಿಂದ ನಮ್ಮ ದೊಡ್ಡವ್ವ, ಎಲೆ ಅಡಿಕೆ ಕುಟ್ಟುತ್ತಿದ್ದವಳು, ಬೀದಿಯ ಅತ್ತೆಯರಿಗೆಲ್ಲ ಹಿರಿಯಳು, ಕೈಯೂರಿ ಎದ್ದಳು. "ಕೊಡಪ್ಪ ಆ ಮಸಿ. ಅದು ನಂದು. ನಾನು ಮದ್ವೆಯಾಗಿ ಬಂದ ವರ್ಷ ಕಟ್ಟಿದ್ದು."

ಅವಳ ಅತ್ತೆ ಸತ್ತು ನಲವತ್ತು ವರ್ಷ ಆಗಿತ್ತು. ಆದರೂ ಹೆಬ್ಬೆಟ್ಟು ಒತ್ತುವ ಮುಂಚೆ ದೊಡ್ಡವ್ವ ಒಂದು ಸಲ ಹಿಂದೆ ತಿರುಗಿ ನೋಡಿದಳು.

ಮಹಾರಾಜರ ಬಾಜು

ಇದನ್ನು ಕೇಳಿ ಹಾಡಣ್ಣನಿಗೆ ಧೈರ್ಯ ಬಂತು. ಕಾಗದದಲ್ಲಿ ಅಪ್ಪನ ಹೆಸರನ್ನೂ ಸೇರಿಸಿಬಿಡೋಣ ಅಂದ. ಆದರೆ ರಾಯಲ್ಟಿ ಅಂದರೇನು ಅನ್ನುವುದು ಇನ್ನೂ ಅವನ ತಲೆಗೆ ಹೋಗಿರಲಿಲ್ಲ. ಯಜಮಾನರು ನಾಲ್ಕನೆಯ ದಿನ ಬೆಳಿಗ್ಗೆಯಿಂದ ಅವನಿಗೆ ಅದನ್ನು ಹೇಳಿ ಹೇಳಿ ತಾವೇ ಮರೆತುಬಿಡುವ ಹಾಗಾಗಿದ್ದರು.

ನಾನು ರೊಟ್ಟಿ ತಟ್ಟುತ್ತ ಒಳಗಿಂದಲೇ ಕೇಳಿದೆ: "ಹಾಡಣ್ಣ, ನೀ ಕಾಯೋ ಕುರಿ ಎಲ್ಲಾ ನಿನ್ನವೇನು?"

"ಎಲ್ಲಿದ್ರಿ. ಮುಕ್ಕಾಲು ಧಣೇರವು. ನನಗ ಪಾಲಿಗೆ ಕೊಟ್ಟಾರ."

"ಪಾಲಿಗೆ ಅಂದ್ರ?"

"ಕುರಿ ಅವರವು, ಮೇಸೋದು ನಾನು. ಹುಟ್ಟಿದ ಮರಿ ಇಬ್ಬರೂ ಹಂಚ್ಕೊತೀವಿ."

"ಅದಾ ರಾಯಲ್ಟಿ. ಹಾಡು ಕುರಿ. ಪ್ಲೇಟು ಅದರ ಮರಿ. ಕಂಪನಿ ಮೇಸೋನು."

ಹಾಡಣ್ಣ ಮುಂದೆ ಸರಿದು ಕೂತ. ತಗ್ಗಿದ ದನಿಯಲ್ಲಿ ಕೇಳಿದ: "ಅಂದ್ರ ಈ ಸಲ ಧಣಿ ನಾನೇನ್ರಿ?"

"ನೀನ."

ಕಂಬಳಿಯನ್ನು ಹೆಗಲಿಂದ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ. ಆ ಗಳಿಗೆಯಿಂದ ಅವನು ಕೂರುವ ರೀತಿಯೇ ಬೇರೆಯಾಯಿತು.

ಏಜೆಂಟರ ಕಾಗದ ಬೇಡ, ನಮ್ಮದೇ ಒಂದು ಬರೆದು ಅವರ ಮುಂದಿಡೋಣ ಅಂತ ಯಜಮಾನರು ಲೇಖನಿ ಹಿಡಿದರು. ಅವರು ಜೀವಮಾನದಲ್ಲಿ ಬರೆದದ್ದು ಹೊಲ ಮನೆಯ ಕಾಗದ. ಹೊಲದ ಕಾಗದ ಅಂದ ಮೇಲೆ ನಾಲ್ಕೂ ದಿಕ್ಕಿಗೆ ಯಾರ ಹೊಲ, ಯಾವ ಹಳ್ಳ ಅಂತ ಚಕ್ಕುಬಂದಿ ಹಾಕಬೇಕು. ಎರಡು ಸಾಲು ಬರೆದವರೇ ತಲೆ ಎತ್ತಿ ಕೇಳಿದರು: "ಚಕ್ಕುಬಂದಿ ಹೇಳು."

"ಏನ್ರಿ, ಹಾಡಿಗೆ ಎಲ್ಲಿಯ ಚಕ್ಕುಬಂದಿ?" ಅಂದೆ ನಾನು.

"ಚಕ್ಕುಬಂದಿ ಇಲ್ಲದ ದಸ್ತಾವೇಜು ನಾ ಬರದಿಲ್ಲ, ಬರಿಯೋದೂ ಇಲ್ಲ. ನಾಳೆ ಯಾರಾದ್ರೂ ಒತ್ತುವರಿ ಮಾಡಿದ್ರ?"

ನಾನು ನಕ್ಕೆ. ಹಾಡಣ್ಣ ನಗಲಿಲ್ಲ. "ಐತ್ರಿ ರೈಟರ, ಬರ್ಕೊಳ್ರಿ. ಬಡಗಲಕ್ಕ ಕಣೇಕಲ್ಲು ಕೆರಿ. ಅಲ್ಲಿತನ ಹಾಡ್ಕೊಂತ ಹೋಗತೀನಿ. ಮೂಡಲಕ್ಕ ಹಗರಿ ಹೊಳಿ. ತೆಂಕಲಕ್ಕ ಭೈರವಾನಿತಿಪ್ಪ. ಅದರ ಆಕಡಿ ಹಾಡಿದ್ರ ಕುರಿಗೆ ಕೇಳಸಂಗಿಲ್ಲ."

"ಪಡುವಲಕ್ಕ?"

"ಪಡುವಲಕ್ಕ ಮೈಸೂರು ಸೀಮಿ ಬರತೈತಲ್ರಿ, ಮಹಾರಾಜರದು."

ಯಜಮಾನರು ಗಂಭೀರವಾಗಿ ಬರೆದರು. ಈ ನಾಲ್ಕು ಎಲ್ಲೆಯ ಒಳಗೆ ಹಾಡಣ್ಣನೂ ಅವನ ವಂಶಸ್ಥರೂ ಮನುಷ್ಯರ ಮುಂದೆ, ಕುರಿಯ ಮುಂದೆ, ದೇವರ ಮುಂದೆ ಎಷ್ಟು ಬೇಕಾದರೂ ಹಾಡಬಹುದು, ಕಂಪನಿ ತಕರಾರು ಮಾಡಕೂಡದು ಅಂತ. ಗಂಡನಿಗೆ ಹುಚ್ಚು ಹಿಡಿಯಿತು ಅಂದುಕೊಂಡಿದ್ದ ನನಗೆ, ಅದನ್ನು ಓದಿ ಹೇಳಿದ ಮೇಲೆ, ಇದು ಹುಚ್ಚಲ್ಲ ಅನ್ನಿಸಿತು.

ಹಾಡಣ್ಣ ಮಾತ್ರ ಬೇರೆ ಎಲ್ಲವನ್ನೂ ಮರೆತ. ಅವತ್ತು ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದನಂತೆ: "ನನ್ನ ಬಾಜು ಹೊಲ ಯಾರದು ಗೊತ್ತೇನು? ಮೈಸೂರು ಮಹಾರಾಜರದು. ಇಲ್ಲಿತನ ಒಂದು ದಿನ ಜಗಳ ಬಂದಿಲ್ಲ."

ತೊಗಲು ತೋರಿಸಬೇಕು

ಐದನೆಯ ದಿನ ಏಜೆಂಟರು ನಮ್ಮ ಕಾಗದ ಓದಿದರು. ಚಕ್ಕುಬಂದಿಗೆ ಬಂದಾಗ ಕೆಮ್ಮು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಇನ್ನೊಂದು ಸಲ ಓದಿದರು. ಈ ಸಲ ನಗಲಿಲ್ಲ.

"ಅಮ್ಮಾ, ರಾಯಲ್ಟಿ ಕಾಗದ ದೊಡ್ಡ ವಿದ್ವಾಂಸರಿಗೆ ಮಾತ್ರ ಕೊಡುವುದು. ಈ ಮನುಷ್ಯ ಕುರಿ ಕಾಯುವವನು."

"ವಿದ್ವಾಂಸರ ಹಾಡಿಗೆ ಒಂದು ಕುರಿ ಆದರೂ ಗುಡ್ಡ ಇಳಿದು ಬಂದೈತೇನ್ರಿ?" ಅಂದೆ.

ಏಜೆಂಟರಿಗೆ ರೈಲಿನ ಹೊತ್ತಾಗುತ್ತಿತ್ತು, ಹಾಡೂ ಬೇಕಾಗಿತ್ತು. ಆಗಲಿ ಅಂತ ಲೇಖನಿ ತೆಗೆದರು. ಹಾಡಣ್ಣ ಕೈ ಅಡ್ಡ ಹಿಡಿದ.

"ತಡೀರಿ. ಪಾಲಿಗೆ ಕೊಡೋ ಮುಂಚೆ ಧಣೇರು ನನಗ ಕೆಲವು ಮಾತು ಕೇಳತಾರ. ನಾನೂ ಕೇಳಬೇಕು."

ಇಪ್ಪತ್ತು ವರ್ಷ ಧಣಿಯ ಮುಂದೆ ಕೈಕಟ್ಟಿ ನಿಂತು ತಾನು ಕೇಳಿಸಿಕೊಂಡದ್ದನ್ನೆಲ್ಲ ಅವನು ಕಂಬಕ್ಕೆ ಒರಗಿ ಕೂತು ಏಜೆಂಟರಿಗೆ ಕೇಳತೊಡಗಿದ.

"ಹೊತ್ತಿಗೆ ಸರಿಯಾಗಿ ಮೇಸತೀಯೋ, ಮರದ ನೆರಳಿಗೆ ಮಲಗತೀಯೋ?"

ಏಜೆಂಟರು ನನ್ನ ಮುಖ ನೋಡಿದರು. "ಪ್ಲೇಟು ಊರೂರಿಗೆ ಕಳಿಸಿ ಮಾರತೀರೋ, ಗೋದಾಮಿನಾಗ ಇಡತೀರೋ ಅಂತ ಕೇಳಾಕತ್ತಾನ್ರಿ" ಅಂದೆ.

"ಮಾರುತ್ತೇವೆ."

"ಬ್ಯಾರೇವರ ಹಿಂಡಿನಾಗ ನನ್ನವನ್ನ ಕಲಸಬಾರದು."

"ಇಲ್ಲ, ಲೆಕ್ಕ ಬೇರೆ ಇಡುತ್ತೇವೆ."

"ವರ್ಷಕ್ಕೊಮ್ಮೆ ಕತ್ತರಸೋ ಉಣ್ಣಿ ಯಾರಿಗೆ?"

ಇದಕ್ಕೆ ನನಗೂ ಅರ್ಥ ಹೇಳಲು ಗೊತ್ತಾಗಲಿಲ್ಲ. ಯಜಮಾನರೇ ಯೋಚಿಸಿ, "ರೇಡಿಯೋದಾಗ, ನಾಟಕದಾಗ ಪ್ಲೇಟು ಹಾಕಿದ್ರ ಬರೋದು ಯಾರಿಗೆ ಅಂತ ಇರಬೇಕು" ಅಂದರು. ಏಜೆಂಟರು ಬೆಚ್ಚಿಬಿದ್ದರು. ಅದನ್ನು ಇಲ್ಲಿಯ ತನಕ ಯಾವ ವಿದ್ವಾಂಸರೂ ಕೇಳಿರಲಿಲ್ಲವಂತೆ. ಬೆವರು ಒರೆಸಿಕೊಂಡು, "ಅರ್ಧರ್ಧ" ಅಂತ ಬರೆದರು.

"ಸತ್ತರ?"

"ಯಾರು ಸತ್ತರೆ?"

"ಪ್ಲೇಟು. ಒಡದು ಹೋದ್ರ?"

"ಒಡೆದದ್ದಕ್ಕೆ ಪಾಲು ಬರುವುದಿಲ್ಲಯ್ಯಾ. ಅದು ಕಂಪನಿಯ ರೂಲು."

"ಒಪ್ಪಿದೆ. ಆದ್ರ ತೊಗಲು ತೋರಸಬೇಕು."

ಇದನ್ನು ನಾನು ಬಿಡಿಸಿ ಹೇಳಬೇಕಾಯಿತು. ನಮ್ಮ ಕಡೆ ಪಾಲಿಗೆ ಕೊಟ್ಟ ಕುರಿ ಸತ್ತರೆ, ಕಾಯುವವನು ಅದರ ತೊಗಲನ್ನು ತಂದು ಧಣಿಯ ಮುಂದೆ ಹಾಸಬೇಕು. ತೊಗಲು ಇಲ್ಲದಿದ್ದರೆ ಅದು ಸತ್ತಿಲ್ಲ, ಮಾರಿಕೊಂಡಿದ್ದಾನೆ ಅಂತ ಲೆಕ್ಕ. ಏಜೆಂಟರು ಗಡಿಯಾರ ನೋಡಿಕೊಂಡರು. ಒಡೆದ ಪ್ಲೇಟಿನ ಚೂರುಗಳನ್ನು ಹಾಡುಗಾರನಿಗೆ ಕಳಿಸಿ ತೋರಿಸತಕ್ಕದ್ದು ಅಂತ ಬರೆದು, ಸಹಿ ಹಾಕಿ, ಹೆಬ್ಬೆಟ್ಟು ಒತ್ತಿಸಿಕೊಂಡು ಓಡಿದರು. ಮದ್ರಾಸಿನಲ್ಲಿ ಯಾರು ಇದನ್ನು ಓದುತ್ತಾರೆ ಅಂದುಕೊಂಡಿರಬೇಕು.

ಮದ್ರಾಸಿನಲ್ಲಿ ಒಬ್ಬ ಗುಮಾಸ್ತ ಓದಿದ.

ಹಾಡಣ್ಣ ಹೋಗಿ ಹಾಡಿ ಬಂದ, ಪ್ಲೇಟೂ ಆಯಿತು. ಒಂದು ಮಳೆಗಾಲ ಕಳೆದಿತ್ತು. ನಮ್ಮ ಸ್ಟೇಷನ್ ಮಾಸ್ತರರಿಂದ ಕರೆ ಬಂತು: ಮದ್ರಾಸಿನಿಂದ ಒಂದು ಮರದ ಪೆಟ್ಟಿಗೆ ಬಂದಿದೆ, ಎತ್ತಿದರೆ ಗಲಗಲ ಅನ್ನುತ್ತದೆ, ಬೇಗ ಬಂದು ತೆಗೆದುಕೊಂಡು ಹೋಗಿ. ಜೊತೆಗೆ ಒಂದು ಲೆಕ್ಕದ ಕಾಗದ. ಇಷ್ಟು ಪ್ಲೇಟು ಮಾರಿದೆ, ಪಾಲು ಇಷ್ಟು, ಹನ್ನೆರಡು ಒಡೆದಿವೆ, ಕರಾರಿನಂತೆ ಚೂರುಗಳನ್ನು ಕಳಿಸಿದ್ದೇವೆ.

ಹಾಡಣ್ಣ ಪ್ಲಾಟ್‌ಫಾರಂ ಮೇಲೆ ಕಂಬಳಿ ಹಾಸಿದ. ಪೆಟ್ಟಿಗೆ ಸುರಿದ. ಕುಕ್ಕುರುಗಾಲಲ್ಲಿ ಕೂತು, ಚೂರಿಗೆ ಚೂರು ಜೋಡಿಸಿ, ಒಂದೊಂದೇ ಪ್ಲೇಟನ್ನು ದುಂಡಗೆ ಮಾಡುತ್ತ ಹೋದ. ರೈಲಿಗೆ ಬಂದವರೆಲ್ಲ ಸುತ್ತ ನಿಂತರು. ಬಳ್ಳಾರಿಗೆ ಹೋಗಬೇಕಾದ ಇಬ್ಬರು ರೈಲು ಬಿಟ್ಟರು. ಅರ್ಧ ದಿನಕ್ಕೆ ಹನ್ನೆರಡೂ ದುಂಡಗಾದವು. ಹಾಡಣ್ಣ ಎದ್ದು, ಹಿಂಡು ಎಣಿಸುವ ಹಾಗೆ ಕೋಲು ತೋರಿಸಿ ಎಣಿಸಿದ.

"ಅಕ್ಕಾರ, ಒಂಬತ್ತು ನಮ್ಮವು. ನಡಬರಕ ಕೆಂಪು ಚೀಟಿ ಐತಿ ನೋಡ್ರಿ. ಈ ಮೂರಕ್ಕ ಹಸರು ಚೀಟಿ. ಇವು ನಮ್ಮವಲ್ಲ."

ಯಜಮಾನರು ಬಗ್ಗಿ ಓದಿದರು. ಹೌದು. ಆ ಮೂರು ಯಾವುದೋ ಊರಿನ, ಯಾರೋ ಹಾಡುಗಾರರವು. ಯಾರದೋ ಒಡೆದ ಪ್ಲೇಟನ್ನು ಹಾಡಣ್ಣನ ಲೆಕ್ಕಕ್ಕೆ ಬರೆದಿದ್ದರು.

ಮೋಸ ಅಂತ ಯಜಮಾನರು ಕೆಂಪಾದರು, ವಕೀಲರ ನೋಟೀಸು ಅಂದರು. ಹಾಡಣ್ಣ ಮಾತ್ರ ಆ ಮೂರರ ಚೂರುಗಳನ್ನು ಬೇರೆ ಬಟ್ಟೆಯಲ್ಲಿ ಮೆತ್ತಗೆ ಕಟ್ಟಿದ. "ಸಿಟ್ಟು ಯಾಕ್ರಿ ರೈಟರ. ಹಿಂಡು ಅಂದ ಮ್ಯಾಲೆ ಒಂದರಾಗೊಂದು ಸೇರೋದ. ನಾ ಹೇಳಿದಂಗ ಬರೀರಿ."

ಅವನು ಹೇಳಿದ, ಯಜಮಾನರು ಬರೆದರು: "ಕಂಪನಿಯವರಿಗೆ ಶರಣು. ನಿಮ್ಮ ಪೈಕಿ ಯಾರವೋ ಮೂರು ಸತ್ತವು ನಮ್ಮ ಹಿಂಡಿನಾಗ ಬಂದಾವ. ಅವುಗಳ ಧಣಿ ಹುಡುಕತಿರಬೇಕು ಪಾಪ. ವಾಪಸು ಕಳಿಸೇವಿ, ಅವರಿಗೆ ಮುಟ್ಟಿಸಬೇಕು. ನಮ್ಮವು ಮೂರು ಜೀವಂತ ಅದಾವ. ಎಲ್ಲಿ ಮೇಯಾಕತ್ತಾವ ನೋಡಿ ತಿಳಿಸಬೇಕು. ನೀವು ನೋಡದಿದ್ದರ ನಾನ ಬಂದು, ನಿಮ್ಮ ಗೋದಾಮಿನ ಬಾಗಲದಾಗ ನಿಂತು, ಎಲ್ಲಾ ಹೊರಗ ಬಿಡಿಸಿ ಎಣಿಸತೀನಿ."

ಮುಂದಿನ ವಾರವೇ ಆ ಮೂರರ ಪಾಲು ಮನಿಯಾರ್ಡರಿನಲ್ಲಿ ಬಂತು. ಅದರ ಜೊತೆಗೆ ಏಜೆಂಟರ ಕೈಬರಹದ ಒಂದು ಚೀಟಿ: ದಯಮಾಡಿ ಅವನನ್ನು ಕಳಿಸಬೇಡಿ.

ಹಾಡಣ್ಣ ಬದುಕಿದ್ದಷ್ಟು ವರ್ಷ ಕಣೇಕಲ್ಲಿನಿಂದ ಭೈರವಾನಿತಿಪ್ಪದ ತನಕ ಆ ಹಾಡು ಹಾಡಿಕೊಂಡೇ ಇದ್ದ, ಮದ್ರಾಸಿನಿಂದ ಲೆಕ್ಕವೂ ತಪ್ಪದೆ ಬರುತ್ತಿತ್ತು. ಅದರಲ್ಲಿ ಒಂದು ವಿಶೇಷ ಇತ್ತು. ಲಾರಿ ಉರುಳಿದರೂ, ರೈಲು ಹಳಿ ತಪ್ಪಿದರೂ, ಗೋದಾಮಿಗೆ ನೀರು ನುಗ್ಗಿದರೂ, ಆಮೇಲೆ ಹಾಡಣ್ಣನ ಪ್ಲೇಟು ಮಾತ್ರ ಇಡೀ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಒಂದೇ ಒಂದೂ ಒಡೆಯಲಿಲ್ಲ.